ಒರೆಸಿಹೋದ ಬಾಣ

ಮೂರನೆಯ ಸಲ ಕ್ಯಾಮೆರಾದ ಕರಿಬಟ್ಟೆಯಿಂದ ತಲೆ ಹೊರಗೆಳೆದ ಅಪ್ಪ, “ಆಗಲ್ಲ. ನನ್ನ ಕಣ್ಣು ಹೋಯ್ತು,” ಎಂದರು.

ಸ್ಟುಡಿಯೊದ ಹಿತ್ತಲಲ್ಲಿ, ಬೇಲಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಸುಮ್ಮನಿರುವವರಲ್ಲ. “ನಿನ್ನ ಕಣ್ಣು ಹೋದ್ರೆ ನನ್ನ ಸೊಂಟ ಹೋಯ್ತು ಕಣೋ. ಅಕ್ಕ ಅನ್ನೋ ಕನಿಕರ ಬೇಡ್ವಾ?”

ಅಪ್ಪ ನಗಲಿಲ್ಲ. “ಮ್ಯೂಸಿಯಮ್ಮಿನವರು ಕ್ಯಾಮೆರಾ ಕೊಡಿ ಅಂತ ವರ್ಷದಿಂದ ಕೇಳ್ತಿದ್ದಾರೆ. ನಾಳೆ ಫೋನ್ ಮಾಡಿ ತಗೊಂಡು ಹೋಗಿ ಅಂತೀನಿ.” ಮುಖ ತೊಳೆಯಲು ಒಳಗೆ ಹೋದರು.

ಅದು ಮರದ ದೊಡ್ಡ ಕ್ಯಾಮೆರಾ. ಮುಂದಿನ ಹಿತ್ತಾಳೆ ಲೆನ್ಸ್ ತಾತನಿಗಿಂತ ಹಳೆಯದು. ನಡುವಿನ ಮುಖವನ್ನಷ್ಟೇ ಸ್ಪಷ್ಟವಾಗಿ ಹಿಡಿಯುತ್ತದೆ. ಹಿಂದಿನ ಬೇಲಿಯ ಎಲೆಗಳು ಅಂಚಿನತ್ತ ಬಾಗುತ್ತಾ ಮುಖದ ಸುತ್ತ ಸುಳಿಯಾಗುತ್ತವೆ. ಆ ಸುಳಿಗಾಗಿಯೇ ಜನ ಇನ್ನೂ ಬರುತ್ತಿದ್ದರು. ಮುಂದಿನ ಕೋಣೆಯ ಪಾಸ್‌ಪೋರ್ಟ್ ಫೋಟೊಗಳು ಮಗಳ ಕೆಲಸ, ಹಿತ್ತಲು ಅಪ್ಪನದು. ಲೆನ್ಸ್ ಬಿಚ್ಚಕೂಡದು ಎಂಬುದು ಅವರು ಮಗಳಿಗೆ ಹಾಕಿದ್ದ ಒಂದೇ ಕಟ್ಟಳೆ.

ಮಗಳು ಕರಿಬಟ್ಟೆಯೊಳಗೆ ತಲೆ ಹಾಕಿದಳು. ಕ್ಯಾಮೆರಾದ ಹಿಂಬದಿಯ ಮಬ್ಬುಗಾಜಿನ ಮೇಲೆ ಅತ್ತೆ ತಲೆಕೆಳಗಾಗಿ ಕೂತಿದ್ದರು. ಎಲೆಗಳ ಸುಳಿ ಇತ್ತು. ಮುಖ ಮಾತ್ರ ಹಾಲಿನಲ್ಲಿ ಅದ್ದಿದಂತಿತ್ತು. ಲೆನ್ಸನ್ನು ಹಿಂದೆ ಮುಂದೆ ಎಷ್ಟು ಸರಿಸಿದರೂ ರೆಪ್ಪೆಯ ಒಂದು ಕೂದಲೂ ಬಿಡಿಯಾಗಿ ಕಾಣಲಿಲ್ಲ. ಅವಳಿಗಿನ್ನೂ ಇಪ್ಪತ್ತೊಂಬತ್ತು. ಅವಳ ಕಣ್ಣಿಗೇನೂ ಆಗಿರಲಿಲ್ಲ.

ಹೋದ ವಾರ ಅಪ್ಪ ಊರಲ್ಲಿಲ್ಲದಾಗ ಅವಳು ಆ ಲೆನ್ಸನ್ನು ಬಿಚ್ಚಿ ಒರೆಸಿದ್ದಳು. ಖುಷಿಪಡಿಸೋಣ ಎಂದು. ಹಿಂದಿನ ಎರಡು ಗಾಜುಗಳಲ್ಲಿ ಒಂದರ ಅಂಚಿನ ಮೇಲೆ ಬೂದುಬಣ್ಣದ ಗೀರುಗಳಿದ್ದವು. ಕೊಳೆಯೆಂದುಕೊಂಡು ಸ್ಪಿರಿಟ್ ಹಚ್ಚಿ ತಿಕ್ಕಿಬಿಟ್ಟಿದ್ದಳು. ಮತ್ತೆ ಕೂರಿಸುವಾಗ ಯಾವ ಬದಿ ಮುಂದೆ ಎಂಬುದು ನೆನಪಾಗದೆ ಅಂದಾಜಿಗೆ ಹಾಕಿದ್ದಳು.

ಅಲ್ಲೇ ಸ್ಟೂಲಿನ ಪಕ್ಕ ಕೂತು ಲೆನ್ಸಿನ ಹಿಂಭಾಗ ಬಿಚ್ಚಿದಳು. ಆ ಗಾಜನ್ನು ತಿರುಗಿಸಿ ಹಾಕಿ, ಎರಡು ಗಾಜುಗಳ ನಡುವಿನ ಲೋಹದ ಬಳೆ ಕೂರಿಸಿ ಮತ್ತೆ ನೋಡಿದಳು. ಅತ್ತೆಯ ರೆಪ್ಪೆಗೂದಲು ಒಂದೊಂದೂ ಎಣಿಸುವಂತಿತ್ತು.

“ಅತ್ತೆ, ತಪ್ಪು ನಂದು. ಗಾಜು ತಿರುವುಮುರುವು ಹಾಕಿದ್ದೆ.”

“ಸರಿಹೋಯ್ತಲ್ಲ, ಬಾಯ್ಮುಚ್ಚಿಕೊಂಡಿರು. ಹೇಳಿದ್ರೆ ನಿನ್ನನ್ನ ಈ ಹಿತ್ತಲಿಗೇ ಬಿಡಲ್ಲ ಅವನು. ಬಂದು ನೋಡ್ತಾನೆ, ಕಾಣ್ಸುತ್ತೆ, ಮುಗೀತು.”

ಅಪ್ಪ ಬಂದರು. ಅಕ್ಕನ ಒತ್ತಾಯಕ್ಕೆ ಮತ್ತೊಮ್ಮೆ ಬಟ್ಟೆಯೊಳಗೆ ಹೋದರು. ಲೆನ್ಸನ್ನು ಹಿಂದೆ ಮುಂದೆ ಸರಿಸಿ ನೋಡಿದರು.

“ಕಾಣ್ತಿದೆ,” ಎಂದರು ಹೊರಬಂದು. ದನಿಯಲ್ಲಿ ಸಂತೋಷವಿರಲಿಲ್ಲ. “ಈಗ ಕಾಣ್ತು. ನಾಳೆ ಯಾರನ್ನೋ ಕೂರಿಸಿದಾಗ ಕೈ ಕೊಟ್ರೆ? ಇಂಥ ಕಣ್ಣು ನಂಬ್ಕೊಂಡು ಕೆಲಸ ಮಾಡೋಕಾಗಲ್ಲ. ಫೋನ್ ಮಾಡೇಬಿಡ್ತೀನಿ.”

ಅತ್ತೆ ಮಗಳತ್ತ ಹುಬ್ಬು ಹಾರಿಸಿ ಹೇಳಬೇಡವೆಂದು ಸನ್ನೆ ಮಾಡಿದರು. ಮಗಳು ನೋಡಿಯೂ ನೋಡದಂತೆ, “ನಿಮ್ಮ ಕಣ್ಣಿಗೇನೂ ಆಗಿಲ್ಲಪ್ಪ. ಲೆನ್ಸ್ ಬಿಚ್ಚಿದ್ದೆ ನಾನು,” ಎಂದಳು. ಸ್ಪಿರಿಟ್, ಗೀರು, ಎಲ್ಲ ಹೇಳಿದಳು.

ಅಪ್ಪ ಲೆನ್ಸಿನ ಹಿಂಭಾಗ ಬಿಚ್ಚಿ, ಗಾಜನ್ನು ಬೆಳಕಿಗೆ ಹಿಡಿದು ಅಂಚನ್ನು ಸುತ್ತಲೂ ನೋಡಿದರು.

“ಅದು ಕೊಳೆಯಲ್ಲ. ಈ ಗಾಜನ್ನ ಉಜ್ಜಿ ಮಾಡಿದವನು ಪೆನ್ಸಿಲ್‌ನಲ್ಲಿ ಹಾಕಿದ ಬಾಣ. ಬಾಣದ ಮೊನೆ ಕೂತವರ ಕಡೆ ಇರಬೇಕು. ನಮ್ಮಪ್ಪನೂ ಅದನ್ನ ಮುಟ್ಟಿರಲಿಲ್ಲ.”

“ಹ್ಞೂಂ.”

“ಮೂರು ದಿನದಿಂದ ನಾನು ಕುರುಡನಾದೆ ಅಂತ ಕೂತಿದ್ದೀನಿ.”

“ಹ್ಞೂಂ, ಅಪ್ಪ.”



ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದು, ಗಾಜಿನ ಜೊತೆ ಮಗಳ ಕೈಗಿಟ್ಟರು. “ಬಾಣ ಬರಿ. ಇನ್ಮೇಲೆ ಬಿಚ್ಚೋದೂ ಕೂರಿಸೋದೂ ನೀನೇ. ನನ್ನೆದುರಿಗೆ.”

ಅವಳು ಅಂಚಿನ ಮೇಲೆ ಸಣ್ಣ ಬಾಣ ಎಳೆದಳು. ಸ್ವಲ್ಪ ಸೊಟ್ಟಗೆ ಬಂತು.

“ಅಂತೂ ನನ್ನ ಕಡೆಗೇ ಗುರಿ,” ಎಂದರು ಅತ್ತೆ. “ಫೋಟೊ ತೆಗೀರಿ ಬೇಗ, ಬಿಸಿಲು ಹೋಗ್ತಿದೆ.”