ಹಳದಿ ಬಾಗಿಲಿನ ತಿದ್ದುಪಡಿ

ಭಾನುವಾರ ಸಂಜೆ ಚಿಕ್ಕಮ್ಮ ನನ್ನ ಕೈಗೆ ಒಂದು ನೋಟಿಸು ಕೊಟ್ಟು, "ನೀನು ಕಾನೂನು ಮಾಡೋ ಕಾರ್ಖಾನೇಲಿ ತಾನೇ ಇರೋದು? ಇದೇನು ಅಂತ ಬಿಡಿಸಿ ಹೇಳು ಪುಟ್ಟಿ," ಎಂದಳು.

ನಾನಿರುವುದು ಕಾರ್ಖಾನೆಯಲ್ಲಲ್ಲ, ಸಂಸತ್ತಿನ ಒಂದು ಸಮಿತಿಯ ಕಚೇರಿಯಲ್ಲಿ. ಸಂಸತ್ತು ಕಾಯ್ದೆ ಮಾಡುತ್ತದೆ. ಆ ಕಾಯ್ದೆಯಡಿ ಬರುವ ನಿಯಮಗಳನ್ನು ಇಲಾಖೆಗಳೇ ಬರೆಯುತ್ತವೆ, ಬೇಕೆಂದಾಗ ತಿದ್ದುತ್ತವೆ. ತಿದ್ದಿದ್ದು ಸರಿಯಾಗಿದೆಯೇ ಎಂದು ನೋಡುವುದು ನಮ್ಮ ಸಮಿತಿ. ಸದಸ್ಯರಿಗೆ ಟಿಪ್ಪಣಿ ಬರೆದುಕೊಡುವವಳು ನಾನು. ಇದನ್ನು ಚಿಕ್ಕಮ್ಮನಿಗೆ ಹತ್ತು ಸಲ ಹೇಳಲು ಹೊರಟು ಹತ್ತು ಸಲವೂ ಅರ್ಧಕ್ಕೇ ನಿಲ್ಲಿಸಿದ್ದೆ. ಡೈರಿಯಲ್ಲಿ ಪುಟಗಟ್ಟಲೆ ಹರಿಯುವ ನನ್ನ ಮಾತು, ಎದುರಿಗೆ ಒಂದು ಮುಖ ಬಂದರೆ ಬತ್ತಿಹೋಗುತ್ತದೆ.

ನೋಟಿಸಿನಲ್ಲಿ ಇದ್ದದ್ದು ಇಷ್ಟು. ಚಿಕ್ಕಮ್ಮನ ಶಿಶುವಿಹಾರದಲ್ಲಿ ಮಕ್ಕಳು ಮಲಗುವ ಕೋಣೆಯ ಬಾಗಿಲು ರಸ್ತೆಗೆ ತೆರೆದುಕೊಂಡಿದೆ. ತಿಂಗಳ ಕೊನೆಯೊಳಗೆ ಅದನ್ನು ಮುಚ್ಚದಿದ್ದರೆ ಪರವಾನಗಿ ರದ್ದು.

"ಈ ಬಾಗಿಲು ಇಡಿಸಿದ್ದು ಯಾರು? ಅವರೇ!" ಚಿಕ್ಕಮ್ಮನ ದನಿ ಏರಿತು. "ಎರಡು ವರ್ಷದ ಹಿಂದೆ ಇದೇ ಇನ್ಸ್‌ಪೆಕ್ಟರ್ ಬಂದು, ಬೆಂಕಿಗಿಂಕಿ ಬಿದ್ರೆ ಮಕ್ಕಳು ಆಚೆ ಹೋಗೋಕೆ ಕೋಣೆಯಿಂದ ನೇರ ಹೊರಗೆ ಬಾಗಿಲಿರ್ಬೇಕು ಅಂದ. ಗೋಡೆ ಒಡೆಸ್ದೆ. ಈಗ ಅದೇ ಮನುಷ್ಯ, ಅದೇ ಚೀಲ, ಮುಚ್ಚಿ ಅಂತಾನೆ. ಮುಚ್ಚಿದ್ರೆ ಆ ನಿಯಮ ಹಿಡ್ಕೊಳ್ಳತ್ತೆ, ತೆರೆದ್ರೆ ಈ ನಿಯಮ. ಅತ್ತ ದರಿ, ಇತ್ತ ಪುಲಿ."

"ಅವರನ್ನೇ ಕೇಳ್ಬೇಕಿತ್ತು."

"ಕೇಳ್ದೆ. 'ಮೊದ್ಲಾದ್ರೆ ನಾನೇ ವಿನಾಯಿತಿ ಕೊಡ್ತಿದ್ದೆ ಅಮ್ಮಾ, ಈಗ ಆ ಅಧಿಕಾರ ಕಿತ್ಕೊಂಡಿದ್ದಾರೆ' ಅಂದ. ಪಾಪ, ಅವನ ಮುಖಾನೂ ಸಪ್ಪಗಿತ್ತು. ಒಂದು ಲೋಟ ನೀರು ಕುಡಿದು ಹೋದ."

ಸಾಲುಮನೆಯದು ಅದು. ಎರಡು ಪಕ್ಕಕ್ಕೂ ಬೇರೆಯವರ ಗೋಡೆ, ಹಿಂದಕ್ಕೆ ಬೇರೆಯವರ ಅಡುಗೆಮನೆ. ಹೊರಗೆ ಎಂದರೆ ರಸ್ತೆಯೇ. ಹಳದಿ ಬಣ್ಣದ ಆ ಹೊಸ ಬಾಗಿಲಿನ ಮುಂದೆ ಹಳೆಯ ಮರದ ಗೇಟೊಂದಿದೆ. ನಾನು ಮೂರು ವರ್ಷದವಳಿದ್ದಾಗ ರಸ್ತೆಗೆ ಓಡದಿರಲೆಂದು ಚಿಕ್ಕಪ್ಪ ಮುಂಬಾಗಿಲಿಗೆ ಮಾಡಿದ್ದು, ಈ ಬಾಗಿಲು ಬಂದಾಗ ಇಲ್ಲಿಗೆ ಸರಿಯಿತು. ಚಿಲಕ ಹೊರಮೈಯಲ್ಲಿ, ಕೆಳಗಿದೆ. ದೊಡ್ಡವರು ಬಗ್ಗಿ ತೆಗೆಯಬಹುದು, ಚಿಕ್ಕವರಿಗೆ ಕೈ ಎಟಕುವುದಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದಾಗ ನಾನು ಬೆಳೆದದ್ದು ಈ ಕೋಣೆಯಲ್ಲೇ. ಈಗ ಹನ್ನೊಂದು ಮಕ್ಕಳಿವೆ.

ನೋಟಿಸಿನ ಕೊನೆಯಲ್ಲಿ 'ಹದಿನೆಂಟನೆಯ ತಿದ್ದುಪಡಿಯ ಪ್ರಕಾರ' ಎಂದಿತ್ತು. ಆ ಸಾಲನ್ನು ಮತ್ತೊಮ್ಮೆ ಓದಿದೆ. ಆ ಹದಿನೆಂಟನೆಯದಕ್ಕೆ ಟಿಪ್ಪಣಿ ಬರೆದವಳು ನಾನೇ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು. ಒಂದೇ ಒಂದು ಹಾಳೆ ಬಂದಿತ್ತು: 'ಮಕ್ಕಳಿರುವ ಕೋಣೆಯ ಯಾವ ಬಾಗಿಲೂ ರಸ್ತೆಗೆ ತೆರೆದುಕೊಳ್ಳತಕ್ಕದ್ದಲ್ಲ.' ನಾನು ಬರೆದದ್ದೂ ಒಂದೇ ಸಾಲು: 'ಮಕ್ಕಳ ಸುರಕ್ಷತೆಗೆ ಹಿತಕರ. ಆಕ್ಷೇಪಣೆ ಇಲ್ಲ.' ಬರೆದು, ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ಡೈರಿಯಲ್ಲೂ ಬರೆದುಕೊಂಡಿದ್ದೆ.

ಚಿಕ್ಕಮ್ಮನಿಗೆ ಅದನ್ನು ಹೇಳಲಿಲ್ಲ. "ನೋಡ್ತೀನಿ," ಎಂದಷ್ಟೇ ಹೇಳಿ ಎದ್ದೆ.

ಸೋಮವಾರ ಬೆಳಿಗ್ಗೆ ಗೋಂದು ಸಾರ್ ಮೇಜಿನ ಮುಂದೆ ನಿಂತೆ. ಅವರು ನಮ್ಮ ಶಾಖೆಯ ಹಿರಿಯ ಅಧಿಕಾರಿ. ಎಂದೋ ನಿಂತುಹೋದ ಕೆಲಸವೊಂದರ ಗುರುತಾಗಿ ಅವರ ಡ್ರಾಯರಿನಲ್ಲಿ ಈಗಲೂ ಮೂರು ಗೋಂದಿನ ಬಾಟಲಿಗಳಿರುವುದರಿಂದ ಆ ಹೆಸರು. ನಾನು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಅದನ್ನೇ ಓದಿದೆ. ಹದಿನೆಂಟನೆಯದು ನನ್ನ ತಪ್ಪು, ನೋಟಿಸು ಬಂದಿರುವುದು ನನ್ನ ಚಿಕ್ಕಮ್ಮನಿಗೆ, ಎರಡನ್ನೂ.

ಅವರು ಕನ್ನಡಕ ಹಣೆಗೇರಿಸಿದರು. "ಆ ನಿಯಮ ಪೂರ್ತಿಯಾಗಿ ಈಗ ಹೇಗಿದೆ ಅಂತ ನೋಡಿದ್ಯೇನಮ್ಮ?"

"ಎಲ್ಲೂ ಇಲ್ಲ ಸಾರ್. ಮೂಲ ಒಂದು ಕಡೆ, ತಿದ್ದುಪಡಿ ಹತ್ತೊಂಬತ್ತು ಕಡೆ."

"ಇರ್ತಿತ್ತು, ಒಂದು ಕಾಲದಲ್ಲಿ," ಎನ್ನುತ್ತ ಬೀರುವಿನ ಕೆಳಖಾನೆಯಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ಎಳೆದರು. ಧೂಳು ಹಾರಿ ಇಬ್ಬರೂ ಸೀನಿದೆವು. ಮೊದಲೆಲ್ಲ ತಿದ್ದುಪಡಿ ಬಂದ ದಿನವೇ ಅದನ್ನು ಕತ್ತರಿಸಿ, ಮೂಲ ಪುಸ್ತಕದಲ್ಲಿ ಹಳೆಯ ಸಾಲಿನ ಮೇಲೆ ಅಂಟಿಸುತ್ತಿದ್ದರಂತೆ. ಎಲ್ಲವೂ ಇಮೇಲಿನಲ್ಲಿ ಬರತೊಡಗಿದ ಮೇಲೆ ಕತ್ತರಿಗೆ ಕೆಲಸ ತಪ್ಪಿತು. ಶಿಶುವಿಹಾರದ ನಿಯಮಗಳ ಪುಟದಲ್ಲಿ ನಾಲ್ಕನೆಯ ತಿದ್ದುಪಡಿಗೇ ಅಂಟಿಸುವುದು ನಿಂತಿತ್ತು.

"ಮೇಲಂಚಿಗೆ ಮಾತ್ರ ಗೋಂದು ಹಚ್ಚು. ಚೀಟಿ ಎತ್ತಿದ್ರೆ ಹಳೇದು ಕಾಣ್ಬೇಕು," ಎಂದು ಬಾಟಲಿಯನ್ನು ನನ್ನ ಕಡೆ ಸರಿಸಿದರು. "ಗುರುವಾರ ಸಮಿತಿ ಕೂರತ್ತೆ. ಇದೇ ನಿಯಮದ ಇಪ್ಪತ್ತನೇ ತಿದ್ದುಪಡಿ ಬಂದಿದೆ, ಕೈ ತೊಳೆಯೋ ತೊಟ್ಟಿ ಎಷ್ಟು ಎತ್ತರ ಇರ್ಬೇಕು ಅಂತ. ಟಿಪ್ಪಣಿ ನೀನೇ ಬರಿ. ಮೊದಲನೇ ಸಾಲಲ್ಲೇ ನಿನ್ನ ಚಿಕ್ಕಮ್ಮನ ವಿಷಯ ಹಾಕು."

"ಹಾಕಿದ್ರೆ... ಸ್ವಂತ ಮನೆಗೋಸ್ಕರ ಬರೆದಿದ್ದಾಳೆ ಅಂತ ಬದಿಗಿಡಲ್ವಾ ಸಾರ್?"

"ಇಡಬಹುದು. ನೀನು ಮುಚ್ಚಿಟ್ಟು, ಆಮೇಲೆ ಅವರಿಗೇ ಗೊತ್ತಾದ್ರೆ ಖಂಡಿತ ಇಡ್ತಾರೆ."

ಮೂರು ದಿನ ಕತ್ತರಿಸಿ ಅಂಟಿಸಿದೆ. ಬೆರಳುಗಳು ಒಂದಕ್ಕೊಂದು ಹತ್ತಿಕೊಂಡು, ಕ್ಯಾಂಟೀನಿನವನು ಕೊಟ್ಟ ಟೀ ಲೋಟ ಕೈಬಿಟ್ಟು ಹೋಗಲು ಒಪ್ಪುತ್ತಿರಲಿಲ್ಲ. "ಏನ್ ಮೇಡಂ, ನಮ್ಮ ಲೋಟಾನೂ ಕಡತಕ್ಕೆ ಸೇರಿಸ್ತೀರಾ?" ಎಂದು ಅವನು ನಕ್ಕ. ಆರನೆಯ ನಿಯಮದ ಪುಟ ಚೀಟಿಯ ಮೇಲೆ ಚೀಟಿ ಬಿದ್ದು ದಿಂಬಿನ ಹಾಗೆ ಉಬ್ಬಿತು. ಬುಧವಾರ ಸಂಜೆ ಅದನ್ನು ಮೊದಲ ಬಾರಿಗೆ ಮೇಲಿನಿಂದ ಕೆಳಗೆ ಓದಿದೆ. ಏಳನೆಯ ತಿದ್ದುಪಡಿ ಹೊರಬಾಗಿಲು ಬೇಕು ಎಂದಿತ್ತು, ಬೆಂಕಿಯ ಭಯಕ್ಕೆ. ಹನ್ನೆರಡನೆಯದು ಇನ್ಸ್‌ಪೆಕ್ಟರರ ವಿನಾಯಿತಿ ತೆಗೆದಿತ್ತು, ಶಿಫಾರಸು ನಡೆಯುತ್ತದೆ ಎಂದು. ಹದಿನೆಂಟನೆಯದು ರಸ್ತೆಗೆ ಬಾಗಿಲು ಬೇಡ ಎಂದಿತ್ತು, ವಾಹನಗಳ ಭಯಕ್ಕೆ. ಒಂದೊಂದೂ ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಮೂರೂ ಸೇರಿದರೆ ಸಾಲುಮನೆಯಲ್ಲಿ ಶಿಶುವಿಹಾರ ನಡೆಸುವುದೇ ಅಪರಾಧ.

ಗುರುವಾರ ಸಮಿತಿಯ ಕೋಣೆಯಲ್ಲಿ ನಾನು ಎಂದಿನಂತೆ ಗೋಡೆಗೊರಗಿದ ಕುರ್ಚಿಯಲ್ಲಿದ್ದೆ. ನಡುವಿನ ಉದ್ದ ಮೇಜಿನ ತುದಿಗೆ ಅಧ್ಯಕ್ಷೆ, ಹಿಂದೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ಎದುರಿಗೆ ಇಲಾಖೆಯ ಕಾರ್ಯದರ್ಶಿ. ಅಧ್ಯಕ್ಷೆ ಟಿಪ್ಪಣಿಯ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು: "'ಈ ಟಿಪ್ಪಣಿ ಬರೆದವಳ ಚಿಕ್ಕಮ್ಮನಿಗೂ ಈ ನಿಯಮದಡಿ ನೋಟಿಸು ಬಂದಿದೆ. ಹದಿನೆಂಟನೆಯ ತಿದ್ದುಪಡಿಗೆ ಆಕ್ಷೇಪಣೆ ಇಲ್ಲ ಎಂದು ಬರೆದವಳೂ ಇವಳೇ.' ಯಾರಿದು?"

ಗೋಂದು ಸಾರ್ ಕೆಮ್ಮಿದರು. ನಾನು ಎದ್ದೆ. ಪುಸ್ತಕವನ್ನು ಎದೆಗವುಚಿಕೊಂಡಿದ್ದೆ.

"ಭಯ ಬೇಡ, ಬನ್ನಿ. ಆ ಪುಸ್ತಕ ತನ್ನಿ ಇಲ್ಲಿ."

ಪುಸ್ತಕ ಮೇಜಿನ ಮೇಲಿಟ್ಟು ಆರನೆಯ ನಿಯಮ ತೆರೆದೆ. ಅವರು ಒಂದೊಂದೇ ಚೀಟಿ ಎತ್ತಿ, ಕೆಳಗಿನದನ್ನು ಓದಿ, ಬಿಟ್ಟರು. ಆಮೇಲೆ ಕಾರ್ಯದರ್ಶಿಗಳ ಕಡೆ ಪುಸ್ತಕ ತಿರುಗಿಸಿ ಕೇಳಿದರು: "ಇದನ್ನ ಪಾಲಿಸೋದು ಹೇಗೆ ಅಂತ ಹೇಳಿ."

ಅವರು ಓದಿದರು, ಮತ್ತೆ ಓದಿದರು. "ಮೇಡಂ, ಪ್ರತಿಯೊಂದು ತಿದ್ದುಪಡಿಯನ್ನೂ ತಮ್ಮ ಸಮಿತಿಯೇ ನೋಡಿ ಒಪ್ಪಿದೆ."

"ನೋಡಿದ್ವಿ. ಒಂದೊಂದೇ ಇಟ್ಟಿಗೆ ನೋಡಿದ್ವಿ, ಗೋಡೆ ಎಲ್ಲಿ ಏಳ್ತಾ ಇದೆ ಅಂತ ನೋಡ್ಲಿಲ್ಲ. ತಪ್ಪು ನಮ್ಮದೂ ಇದೆ, ಬರ್ಕೊಳ್ಳಿ. ಈಗ ಹೇಳಿ, ಇಂಥ ನೋಟಿಸು ಎಷ್ಟು ಹೋಗಿದೆ?"

ಅವರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. "ಇನ್ನೂರ ಹನ್ನೊಂದು."

ಇನ್ನೂರ ಹನ್ನೊಂದು ಚಿಕ್ಕಮ್ಮಂದಿರು ಎಂದುಕೊಂಡೆ. ಬಾಯಿ ತಾನಾಗಿಯೇ ತೆರೆಯಿತು. "ಬೆಂಕಿಗೂ ಆಗ್ಬೇಕು, ರಸ್ತೆಗೂ ಆಗ್ಬೇಕು ಅಂದ್ರೆ... ಬಾಗಿಲ ಮುಂದೆ ಒಂದು ಚಿಕ್ಕ ಗೇಟ್ ಇದ್ರೆ ಸಾಕು. ಚಿಲಕ ಹೊರಗಡೆ. ದೊಡ್ಡವರು ಬಗ್ಗಿ ತೆಗೀಬಹುದು, ಮಕ್ಕಳಿಗೆ ಆಗಲ್ಲ. ನಾನು... ಚಿಕ್ಕವಳಿದ್ದಾಗ ಚಿಕ್ಕಮ್ಮನ ಮನೇಲಿ ನಾನೇ ಪ್ರಯತ್ನ ಮಾಡಿದೀನಿ. ಎರಡು ವರ್ಷ."

ಮೂಲೆಯಲ್ಲಿ ಕೂತಿದ್ದ, ಹಿಂದೆ ಬಸ್ ಮೆಕ್ಯಾನಿಕ್ ಆಗಿದ್ದ ಸದಸ್ಯರು ಗಹಗಹಿಸಿದರು. "ಹಾಗಾದ್ರೆ ಇಡೀ ದೇಶಕ್ಕೆ ನಿಮ್ಮ ಚಿಕ್ಕಮ್ಮನ ಗೇಟೇ ಗತಿ ಅನ್ನಿ!"

ಅಧ್ಯಕ್ಷೆಯೂ ನಕ್ಕರು, ಆದರೆ ಪೆನ್ನು ಕೆಳಗಿಡಲಿಲ್ಲ. "ಗೇಟೋ ಮತ್ತೊಂದೋ, ಅದು ಇಲಾಖೆ ಪರೀಕ್ಷೆ ಮಾಡಿ ಬರೆಯೋ ವಿಷಯ. ನಾವು ಕೇಳೋದು ಎರಡು. ಈ ನಿಯಮ ಸರಿಯಾಗೋ ತನಕ ಆ ಇನ್ನೂರ ಹನ್ನೊಂದು ನೋಟಿಸು ತಡೆ ಹಿಡೀರಿ. ಇನ್ಮುಂದೆ ಯಾವ ತಿದ್ದುಪಡಿ ಬಂದ್ರೂ ಅದರ ಜೊತೆ ಪೂರ್ತಿ ನಿಯಮ, ಇವತ್ತು ಹೇಗಿದೆಯೋ ಹಾಗೆ, ಬರ್ಬೇಕು. ಇಲ್ದಿದ್ರೆ ನಾವು ಕೈಗೇ ಎತ್ಕೊಳ್ಳಲ್ಲ. ಆಗತ್ತಾ?"

ಕಾರ್ಯದರ್ಶಿಗಳು ಉಬ್ಬಿದ ಪುಟವನ್ನು ಅಂಗೈಯಿಂದ ಒತ್ತಿ ನೋಡಿದರು. ಅದು ಮತ್ತೆ ಮೇಲೆದ್ದಿತು. "ಆಗತ್ತೆ ಮೇಡಂ," ಎಂದರು.

ತೊಟ್ಟಿಯ ಎತ್ತರ ಮುಂದಿನ ಸಭೆಗೆ ಹೋಯಿತು. ಹೊರಗೆ ಬಂದ ಮೇಲೆ ಗೋಂದು ಸಾರ್ ಎರಡನೆಯ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಇಪ್ಪತ್ತೊಂದನೆಯ ತಿದ್ದುಪಡಿ ಬರಲು ಏಳು ವಾರ ಹಿಡಿಯಿತು. ಅದರ ಹಿಂದೆ ಪಿನ್ ಮಾಡಿದ ಹದಿನಾಲ್ಕು ಹಾಳೆಗಳ ಪೂರ್ತಿ ನಿಯಮವಿತ್ತು. ರಸ್ತೆಗೆ ಬಾಗಿಲಿರುವ ಕಡೆ ಹೊರಚಿಲಕದ ಗೇಟು, ಎತ್ತರ ಎರಡೂವರೆ ಅಡಿ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ ಮೇಲೆಯೇ ಆಕ್ಷೇಪಣೆ ಇಲ್ಲ ಎಂದು ಬರೆದೆ.

ಆ ಭಾನುವಾರ ಚಿಕ್ಕಮ್ಮ ಟೇಪು ಹಿಡಿದು ಗೇಟು ಅಳೆದಳು. ನಾಲ್ಕು ಬೆರಳು ಕಡಿಮೆ ಬಂತು.

"ನೋಡಿದ್ಯಾ! ನಿಮ್ಮ ಚಿಕ್ಕಪ್ಪನ ಕೆಲಸ ಯಾವತ್ತೂ ನಾಲ್ಕು ಬೆರಳು ಕಡಿಮೆಯೇ," ಎಂದು ಗೊಣಗುತ್ತ ಅಟ್ಟದಿಂದ ಹಲಗೆಯ ತುಂಡೊಂದನ್ನು ತಂದಳು. ಆಗ ನಾನು ಹದಿನೆಂಟನೆಯದರ ವಿಷಯ ಹೇಳಿದೆ. ಈ ಸಲ ಮಾತು ಅರ್ಧಕ್ಕೆ ನಿಲ್ಲಲಿಲ್ಲ. ಅವಳು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಪೂರ್ತಿ ಕೇಳಿ, ಮೊಳೆ ಕೈಗೆ ತೆಗೆದುಕೊಂಡಳು.

"ಅಂದ್ರೆ ನನಗೆ ನೋಟಿಸು ಕಳಿಸಿದ್ದು ನೀನೇ ಅನ್ನು."

"ಹೂಂ ಚಿಕ್ಕಮ್ಮ."

"ನಿನಗೆ ಉಣಿಸಿ ಮಲಗಿಸಿದ ಕೋಣೆಗೇ!" ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. "ಇರ್ಲಿ ಬಿಡು. ಇಪ್ಪತ್ತೆರಡನೇದು ಬಂದ್ರೆ?"

"ಬರತ್ತೆ. ಮೊದಲಿಂದ ಓದ್ತೀನಿ."

"ಓದು. ಈಗ ಹಲಗೆ ಹಿಡ್ಕೋ. ಅಲ್ಲಲ್ಲ, ಬೆರಳು ಆ ಕಡೆ ಇಟ್ಕೋ ಪುಟ್ಟಿ, ಹೊಡೀತೀನಿ."