ಝಕಾತಿನ ಸೀರೆ

ಕುಚ್ಚು ಸುರಕುಂಬದ ಬಟ್ಟಲಿಗೆ ಅದ್ದೀತು ಅಂದುಕೊಳ್ಳುವಷ್ಟರಲ್ಲಿ ಸುಗ್ರಾ ಎಡಗೈಯಲ್ಲಿ ಸೆರಗೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಗುಲಾಬಿ ದಾರದ ಕುಚ್ಚು, ಒಂದೊಂದಕ್ಕೂ ಒಂದು ಮಣಿ, ಚೆನ್ನಾಗಿಯೇ ಕಟ್ಟಿದ್ದಾಳೆ, ಕಟ್ಟದೆ ಏನು, ಗಂಡ ಹೋದ ಮೇಲೆ ಚಿಕ್ಕಜಾಜೂರಿನಲ್ಲಿ ಊರವರ ಸೀರೆಗೆಲ್ಲ ಕುಚ್ಚು ಕಟ್ಟಿಯೇ ಅಲ್ಲವೇ ತಂಗಿಯ ಒಲೆ ಉರಿಯುತ್ತಿರುವುದು — ಆದರೆ ಸೀರೆ, ಆ ಸೀರೆ, ಗಿಣಿಹಸಿರು, ಅಂಚಿಗೆ ಹಳದಿ ಮಾವಿನಕಾಯಿ, ಅದನ್ನೇ ಉಟ್ಟು ಬರಬೇಕಿತ್ತೇ ಇವಳು, ಹಬ್ಬದ ದಿನ, ನೆಂಟರಿಷ್ಟರ ಮಧ್ಯೆ, ಲಾಲ್ ಸಾಬ್ ಬಟ್ಟಲಿನೊಳಗೆ ಕಣ್ಣಿಳಿಸಿದ, ಶಾವಿಗೆ, ಖರ್ಜೂರ, ಗೋಡಂಬಿ, ಅಲ್ಲೇ ನೋಡುತ್ತ ಕೂತಿರು ಮಗನೇ, ತಲೆ ಎತ್ತಬೇಡ. ಇನ್ನೊಂದ್ ಸೌಟು ಹಾಕಿಸ್ಕಳಣ್ಣ, ಹಬ್ಬದ ದಿನ ಬ್ಯಾಡ ಅನ್ಬಾರ್ದು. ಹಾಕು, ಹಾಕವ್ವ, ಅಂದ, ಬಟ್ಟಲು ಚಾಚಿದ. ಅವಳಿಗೆ ಗೊತ್ತಿಲ್ಲ, ಗೊತ್ತಿರಲು ಹೇಗೆ ಸಾಧ್ಯ, ರಂಜಾನಿನ ಇಪ್ಪತ್ತೇಳನೆಯ ದಿನ ಅವಳು ಹೊಳಲ್ಕೆರೆಯಲ್ಲೇ ಇರಲಿಲ್ಲವಲ್ಲ, ಅಂಗಡಿ ಮುಂದಿನ ಸಾಲು ನೋಡಿಲ್ಲವಲ್ಲ.

ಎಂಥ ಸಾಲು ಅದು, ಬಸ್ ಸ್ಟ್ಯಾಂಡಿನ ತಿರುವಿನವರೆಗೂ, ಬುರ್ಖಾ ಹಾಕಿದವರು, ಹಾಕದವರು, ಮಗು ಎತ್ತಿಕೊಂಡವರು, ಮೇಲೆ ಫ್ಲೆಕ್ಸ್ ಬೇರೆ, ಲಾಲ್ ಸಾಬ್ ಸ್ಯಾರಿ ಸೆಂಟರ್ ವತಿಯಿಂದ ಝಕಾತ್ ವಿತರಣೆ, ಅದರಲ್ಲಿ ತನ್ನ ನಗುವ ಮುಖ, ಥೂ. ಆ ಸೀರೆಗಳನ್ನು ಅವನು ಮಾರಲು ತರಿಸಿದ್ದಲ್ಲ, ಬಡವರ ಪಾಲು ಬಡವರಿಗೆ ಹಂಚುವ ಝಕಾತಿಗೆಂದೇ ಸಗಟು ಪೇಟೆಯಲ್ಲಿ ಬೇರೆ ಗಂಟು ಸಿಗುತ್ತದೆ, ಬೆಳಕಿಗೆ ಹಿಡಿದರೆ ಆಚೆಗಿದ್ದವರ ಮೂಗು ಕಾಣುವಂಥದ್ದು, ನಾಲ್ಕು ಸಲ ಒಗೆದರೆ ಪಾತ್ರೆ ಒರೆಸಲು ಲಾಯಕ್ಕು. ಅವು ಅಂಗಡಿಯ ಒಳ್ಳೆ ಮಾಲಿನ ಜೊತೆ ಬೆರೆತು ಹೋಗಬಾರದೆಂದು ಒಂದೊಂದರ ಸೆರಗಿನ ಮೂಲೆಗೂ ಅವನೇ ಕೂತು ನೀಲಿ ಮಾರ್ಕರಿನಿಂದ ಚುಕ್ಕೆ ಇಟ್ಟಿದ್ದ, ಅವರೆಕಾಳಿನಷ್ಟು, ತೊಳೆದರೂ ಹೋಗದ್ದು, ಅದೇನು ಬುದ್ಧಿವಂತಿಕೆ, ಅಬ್ಬಬ್ಬಾ. ಎಲ್ಲ ಹಂಚಿದ ಮೇಲೆ ಎರಡು ಉಳಿದವು. ಒಂದನ್ನು ಪೇಟೆ ಬೀದಿ ಗುಡಿಸುವ ಕೆಂಚಕ್ಕನಿಗೆ ಕೊಟ್ಟ. ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಹೆಂಡತಿ ಮಾಬೂಬಿ ಏನಂದಳು, ಸುಗ್ರಾಗೆ ಕಳ್ಸ್ರಿ, ಒಡಹುಟ್ಟಿದೋರಿಗೆ ಕೊಟ್ರೆ ಎರಡು ಪುಣ್ಯ ಅಂತ ಮಸೀದಿ ಹಜರತ್ರೇ ಹೇಳ್ಯಾರಲ್ಲ, ಝಕಾತು ಅಂತ ಬಾಯಿಬಿಟ್ಟು ಹೇಳ್ಬೇಕಂತೇನಿಲ್ವಂತೆ. ಹೌದು, ಹಜರತ್ ಹೇಳಿದ್ದು ನಿಜ, ಕಷ್ಟದಲ್ಲಿರುವ ರಕ್ತಸಂಬಂಧಿಗೆ ಮೊದಲು ಕೊಡಿ, ಮನಸ್ಸಿನಲ್ಲಿ ನಿಯ್ಯತ್ತು, ಕೊಡುವ ಸಂಕಲ್ಪ, ಇದ್ದರೆ ಸಾಕು, ಅವರ ಮುಂದೆ ಹೇಳಿ ನೋಯಿಸಬೇಡಿ, ಎಲ್ಲ ಸರಿ. ಆದರೆ ನೀನು ನಿನ್ನ ಮನೆಯವಳಿಗೆ ಉಡಿಸಲು ನಾಚುವ ಬಟ್ಟೆ ಕೊಡು ಅಂದಿದ್ದರೇ ಅವರು? ಮಾಬೂಬಿಗೆ ಕಪಾಟಿನಿಂದ ಮೈಸೂರು ಸಿಲ್ಕು ತೆಗೆದ ಕೈಯೇ ಆ ಉಳಿದದ್ದನ್ನೂ ಮಡಚಿ ಕಟ್ಟಿತು, ಚೀಟಿ ಬೇರೆ ಬರೆದ, ತಂಗಿಗೆ ಹಬ್ಬದ ಉಡುಗೊರೆ, ಅಣ್ಣನಿಂದ — ಚುಕ್ಕೆ ಮೇಲೇ ಕಾಣುತ್ತಿತ್ತು, ಮಡಿಕೆ ತಿರುವಿ ಒಳಗೆ ಮಾಡಿದ, ಅಷ್ಟು ಜ್ಞಾನ ಮಾತ್ರ ಇತ್ತು.

ಅಪ್ಪ ಇದ್ದಿದ್ದರೆ ಸೌದೆ ಕೊರಡು ತಗೊಂಡು ಬೆನ್ನು ಮುರಿಯುತ್ತಿದ್ದ. ಹತ್ತಿ ಎಕ್ಕಿ ಹಾಸಿಗೆ ಹೊಲಿಯುವ ಪಿಂಜಾರ ಅವನು, ಝಕಾತು ಕೊಡುವಷ್ಟು ಯಾವತ್ತೂ ಕೂಡಿಡಲಿಲ್ಲ, ಹಬ್ಬದ ನಮಾಜಿಗೆ ಮೊದಲು ಕೊಡುವ ಫಿತ್ರದ ಗೋಧಿ ಮಾತ್ರ ತಪ್ಪಿಸಲಿಲ್ಲ, ಮನೆಗೆ ತಂದ ಗೋಧಿಯಲ್ಲೇ ಕಲ್ಲು ಆರಿಸಿ, ಸೇರಿನ ಮೇಲೆ ಗೋಪುರ ಬರುವಂತೆ ಅಳೆದು, ತಾನೇ ಹೊತ್ತು ಹೋಗಿ ಇಲ್ಲದವರ ಮನೆಯ ಹಿತ್ತಲ ಬಾಗಿಲಲ್ಲಿ ಇಡುತ್ತಿದ್ದ, ಜೊತೆಯಲ್ಲಿ ಲಾಲ್, ಅವನ ಅಂಗಿ ಚುಂಗು ಹಿಡಿದು ಸುಗ್ರಾ. ಹಿತ್ತಲಿಂದ ಯಾಕಪ್ಪ ಅಂತ ಕೇಳಿದ್ದು ಅವಳೇ. ನಾವು ಕೊಡ್ತಿಲ್ಲವ್ವ, ಅವ್ರದ್ದು ಅವ್ರಿಗೆ ಮುಟ್ಟಿಸ್ತಿದೀವಿ, ಅದ್ಕೆ ಅವ್ರ ಮುಖ ತಗ್ಗಬಾರ್ದು. ಅವಳು ಮರೆತಿರಲಿಕ್ಕಿಲ್ಲ, ಮರೆಯುವವಳಲ್ಲ, ಈಗ ತಗ್ಗಿರುವುದು ಯಾರ ಮುಖ ಹೇಳು — ಇರಲಿ, ಅವಳಿಗೆ ಗೊತ್ತಿಲ್ಲ, ನಾಳೆಯೇ ಒಂದು ಒಳ್ಳೆ ಸೀರೆ, ಇಲ್ಲ, ಎರಡು, ಖುದ್ದಾಗಿ ಚಿಕ್ಕಜಾಜೂರಿಗೇ ಹೋಗಿ ಕೊಟ್ಟು ಬಂದರಾಯಿತು, ಆಯಿತಲ್ಲ, ಸುರಕುಂಬ ಕುಡಿ.

ಸಾಬ್ರೇ, ಹಬ್ಬ ಜೋರಾ, ಅಂತ ಅಂಗಳದಿಂದ ಕೂಗು, ಕೆಂಚಕ್ಕ, ಪ್ರತಿ ವರ್ಷ ಸುರಕುಂಬಕ್ಕೆ ಬರುವವಳು, ಇವತ್ತೂ ಬಂದಳು, ಗಿಣಿಹಸಿರು, ಹಳದಿ ಮಾವಿನಕಾಯಿ, ಯಾ ಅಲ್ಲಾ. ಅಯ್ಯೋ ಸುಗ್ರಕ್ಕಾ, ನಿಮ್ದೂ ನಮ್ದೂ ಒಂದೇ ಸೀರೆ ನೋಡ್ರಿ! ಮಾಬೂಬಿ ಇಲ್ಲದ ಕೆಲಸ ನೆನೆಸಿಕೊಂಡು ಅಡುಗೆಮನೆಗೆ ಎದ್ದಳು. ಸುಗ್ರಾ ನಕ್ಕಳು, ನಗಬೇಡ ತಾಯಿ, ಬೈಯಿ, ಕ್ಯಾಕರಿಸಿ ಉಗಿ. ಹೂಂ ಕೆಂಚಕ್ಕ, ನಮ್ಮಣ್ಣ ಆರಿಸಿ ತಂದಿದ್ದು, ಬಣ್ಣ ಚೆನ್ನಾಗೈತಲ್ಲ. ಚೆನ್ನಾಗೈತೆ, ಈ ಮಸಿ ಒಂದು ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ಕಣಕ್ಕ, ನಿಮ್ದಕ್ಕೆ ಇಲ್ವಾ, ಅನ್ನುತ್ತ ಕೆಂಚಕ್ಕ ಸೆರಗಿನ ಮೂಲೆ ಚಾಚಿದಳು, ತಿಕ್ಕಿ ತಿಕ್ಕಿ ಬಟ್ಟೆಯೇ ಸವೆದಿತ್ತು, ಚುಕ್ಕೆ ಮಾತ್ರ ಇಟ್ಟ ದಿನದ ಹಾಗೇ ಇತ್ತು, ನೀಲಿ. ಸುಗ್ರಾ ಸೊಂಟದಿಂದ ತನ್ನ ಸೆರಗು ಬಿಚ್ಚಿದಳು. ಮೂಲೆಯಲ್ಲಿ ಹೂವು. ಐದು ಎಸಳು, ಗುಲಾಬಿ ದಾರ, ಸರಿಯಾಗಿ ಅಲ್ಲೇ, ಅವರೆಕಾಳಿನಷ್ಟು ಜಾಗದ ಮೇಲೆ. ಗೊತ್ತಿದೆ, ದಿನಾ ಸೀರೆ ಹಿಡಿಯುವ ಕೈಗೆ ಝಕಾತಿನ ಬಟ್ಟೆ ತಿಳಿಯದೇ, ಮಡಿಕೆ ಬಿಚ್ಚಿದ ದಿನದಿಂದ ಗೊತ್ತಿದೆ, ಎಲ್ಲ ಗೊತ್ತಿದ್ದೇ ಕೂತು ಹೂವು ಹಾಕಿ, ಕುಚ್ಚು ಕಟ್ಟಿ, ಉಟ್ಟು, ಅಣ್ಣನ ಮಾನ ಕಾಯಲು ಬಸ್ಸು ಹತ್ತಿ ಬಂದಿದ್ದಾಳೆ.

ಬಾ ಕುಂತ್ಕ ಕೆಂಚಕ್ಕ, ಸುರಕುಂಬ ಕುಡಿ, ಅಷ್ಟ್ರಾಗೆ ನಿಂಗೂ ಒಂದು ಹಾಕ್ತೀನಿ. ಚೀಲದಿಂದ ಸೂಜಿ ಬಂತು, ದಾರ ಬಂತು, ಕೆಂಚಕ್ಕನ ಸೆರಗು ತಂಗಿಯ ಮಡಿಲಲ್ಲಿ, ಏಳಬೇಕು, ಹೋಗಿ ಕಾಲು ಹಿಡಿಯಬೇಕು, ತಪ್ಪಾಯ್ತು ಅನ್ನಬೇಕು, ಇಬ್ಬರಿಗೂ ಅನ್ನಬೇಕು, ಅಷ್ಟರಲ್ಲಿ ಸುಗ್ರಾ ತಲೆ ಎತ್ತದೆ, ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು, ಅಣ್ಣಾ, ಒಟ್ಟು ಎಷ್ಟು ಸೀರೆಗೆ ಇಟ್ಟಿದ್ದೆ, ಚುಕ್ಕೆ? ಅವನಿಗೆ ಗೊತ್ತಿತ್ತು, ಕೂತು ಇಟ್ಟವನು ಅವನೇ, ಲೆಕ್ಕ ನಾಲಿಗೆಯ ತುದಿಯಲ್ಲೇ ಇತ್ತು, ಬಟ್ಟಲು ಕೆಳಗಿಟ್ಟ, ಸೂಜಿ ಇನ್ನೂ ಒಳಗೆ ಇಳಿದಿಲ್ಲ, ಬಿಳಿ ಹಿಡಿದ ಹಸಿರಿನ ಮೇಲೆ ಚುಕ್ಕೆ, ಅವರೆಕಾಳಿನಷ್ಟು, ನೀಲಿ ಚುಕ್ಕೆ, ನೀಲಿ —