ಮೇಲಿನ ಬಾವಿ

ಆಟ ಕಟ್ಟಬೇಕೆಂದು ಹೊರಟಾಗ ಉಜ್ವಲಾಳಿಗೆ ಇಪ್ಪತ್ತೊಂಬತ್ತು. ಬೀದರಿನ ಮೈಲೂರಿನಲ್ಲಿ ತಾಯಿ ಮಹಾಮಾಯಾ ಜೊತೆ ಇದ್ದಳು. ಹೈದರಾಬಾದಿನ ಒಂದು ಗೇಮ್ ಕಂಪನಿಗೆ ಮನೆಯಿಂದಲೇ ಆರು ವರ್ಷ ಚಿತ್ರ ಬರೆದುಕೊಟ್ಟಿದ್ದಳು, ಪ್ರೋಗ್ರಾಮ್ ಬರೆಯುವುದನ್ನೂ ಕಲಿತಿದ್ದಳು. ಆ ಆರು ವರ್ಷದಲ್ಲಿ ಬಹುಪಾಲು ಬಂದೂಕಿಗೆ ಬಣ್ಣ ಬಳಿದದ್ದೇ ಆಯಿತು. ನೂರು ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಇಳಿಯುವುದು, ಒಬ್ಬ ಉಳಿಯುವವರೆಗೆ ಹೊಡೆದಾಡುವುದು. ಮುಂದಿನ ವರ್ಷ ಬಂದೂಕಿನ ಬಣ್ಣ ಬದಲಾದರೆ ಅದನ್ನೇ ಹೊಸ ಆಟವೆಂದು ಮಾರುತ್ತಿದ್ದರು. ಊರೂರಿನ ಜನ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವ ಇಂಥ ಸವಲತ್ತು ಸಿಕ್ಕಿರುವಾಗ ಒಬ್ಬರನ್ನೊಬ್ಬರು ಕೊಲ್ಲುವುದರ ಹೊರತು ಬೇರೆ ಕೆಲಸವೇ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಹೇಸಿಕೆಯಾಗುತ್ತಿತ್ತು.

ಅವಳ ಆಟ ಹುಟ್ಟಿದ್ದು ನೌಬಾದದಲ್ಲಿ. ಅಲ್ಲಿನ ಹಳೆಯ ಸುರಂಗ ಬಾವಿಯ ಹೂಳು ತೆಗೆಯುವ ಕೆಲಸಕ್ಕೆ ಕಾಲೇಜಿನ ದಿನಗಳಲ್ಲಿ ಒಮ್ಮೆ ಹೋಗಿದ್ದಳು. ನೆಲದ ಒಳಗೇ ಹರಿಯುವ ಕಾಲುವೆ, ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿ. ಮೇಲಿನ ಬಾವಿಯವನು ತನ್ನ ಪಾಲಿನ ಹೂಳು ತೆಗೆಯದಿದ್ದರೆ ಕೆಳಗಿನ ಬಾವಿಗಳಿಗೆ ನೀರಿಲ್ಲ. ಅಂದು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಾಗ ಅವಳಿಗೆ ಅಜ್ಜಿ ನೆನಪಾಗಿದ್ದಳು. ಅಜ್ಜಿ ಸುಭದ್ರಾಬಾಯಿ ಡಾಬಕಾದಲ್ಲಿ ಹುಡುಗಿಯಾಗಿದ್ದಾಗ ಊರ ಬಾವಿಯ ಮೆಟ್ಟಿಲು ತುಳಿಯುವಂತಿರಲಿಲ್ಲ. ಕೊಡ ಕೆಳಗಿಟ್ಟು, ಮೇಲಿನಿಂದ ಯಾರಾದರೂ ಮನಸ್ಸು ಮಾಡಿ ನೀರು ಸುರಿಯುವ ತನಕ ಕಾಯಬೇಕು. ಅಜ್ಜಿ ಇದನ್ನು ಅತ್ತು ಹೇಳುತ್ತಿರಲಿಲ್ಲ, ಸಂತೆಗೆ ಹೋಗಿ ಬಂದ ಸುದ್ದಿ ಹೇಳಿದಂತೆ ಹೇಳುತ್ತಿದ್ದಳು. ಆ ಕಾಲ ಕಳೆದು ಮನೆತನ ಬುದ್ಧನ ಕಡೆ ಬಂದು, ಮಕ್ಕಳು ಮೊಮ್ಮಕ್ಕಳು ಓದಿ ನೌಕರಿ ಹಿಡಿದು ಎಷ್ಟೋ ವರ್ಷವಾಗಿತ್ತು.

ಆಟ ಹೀಗಿತ್ತು: ಒಂದು ಸುರಂಗ, ಅದರ ಉದ್ದಕ್ಕೂ ಇಪ್ಪತ್ತು ಬಾವಿ, ಬಾವಿಗೊಬ್ಬ ಆಟಗಾರ. ಆಡುವವರು ಹೆಚ್ಚಿದಂತೆ ಇಂಥ ಸುರಂಗಗಳೂ ಹೆಚ್ಚುತ್ತವೆ. ಎಲ್ಲರೂ ಅಗೆಯಬೇಕು, ಹೂಳು ಎತ್ತಬೇಕು, ತೋಟ ಬೆಳೆಸಬೇಕು. ಇಷ್ಟಾದರೆ ಇದೂ ಇನ್ನೊಂದು ಹೊಲಗೆಲಸದ ಆಟ. ಆದರೆ ಉಜ್ವಲಾ ಒಂದು ನೇಮ ಹಾಕಿದ್ದಳು. ಪ್ರತಿ ಬೆಳಗ್ಗೆ ಎಲ್ಲರ ಬಾವಿಯೂ ಬದಲಾಗುತ್ತದೆ. ಇಂದು ಮೇಲಿದ್ದವನು ನಾಳೆ ಕೆಳಗೆ, ಕೆಳಗಿದ್ದವನು ನಡುವೆ ಎಲ್ಲೋ. ಚೀಟಿ ಎತ್ತಿದ ಹಾಗೆ. ಅದಕ್ಕೆ ಪಾಳಿ ಎಂದು ಹೆಸರಿಟ್ಟಳು. ಇಂಥ ನೇಮದ ಆಟ ಅವಳು ಎಲ್ಲಿಯೂ ಕಂಡಿರಲಿಲ್ಲ.

ಅವಳ ಜೊತೆ ಕೂಡಿದವನು ಪ್ರಥಮೇಶ, ಇಂಜಿನಿಯರಿಂಗಿನ ಸಹಪಾಠಿ. ಭಾಲ್ಕಿಯಲ್ಲಿ ಅವನ ತಂದೆ ಚಂದ್ರಕಾಂತರದು ಔಷಧಿ ಅಂಗಡಿ. ಅಂಗಡಿಯ ಮೇಲಿನ ಕೋಣೆಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹೊರಹಾಕಿ ಇಬ್ಬರೂ ಕುಳಿತರು. ಉಜ್ವಲಾ ದಿನಾ ಬೀದರಿನಿಂದ ಬಸ್ಸಿಗೆ ಬರುತ್ತಿದ್ದಳು. ಏಳು ತಿಂಗಳಿಗೆ ಒಂದು ಕಚ್ಚಾ ಆಟ ಎದ್ದು ನಿಂತಿತು. ಗುರುತಿನ ಇಪ್ಪತ್ತು ಜನರ ಫೋನಿಗೆ ಹಾಕಿಕೊಟ್ಟು ಒಂದು ವಾರ ಆಡಿಸಿದರು. ಅವರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಮೀರ ಪಾಶಾ ಒಬ್ಬ. ಐವತ್ತು ದಾಟಿದವನು, ಹುಟ್ಟಿದಾಗಿನಿಂದ ಫೋನಿನಲ್ಲಿ ಆಟ ಆಡಿದವನಲ್ಲ. ಮೊದಲ ದಿನ ಕೆಳಗಿನ ಬಾವಿ ಬಂದು, ಮೇಲಿನವನು ಹೂಳು ತೆಗೆಯಲಿಲ್ಲವೆಂದು ಬೈದಾಡಿದ. ಮೂರನೆಯ ದಿನ ಅವನಿಗೇ ಮೇಲಿನ ಬಾವಿ ಬಂತು. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಹೂಳೆತ್ತುತ್ತ ಕುಳಿತಿದ್ದ. ಉಜ್ವಲಾ ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದ:

“ನಾಳಿಗಿ ನಾನೇ ಕೆಳಗ ಬಂದ್ರ ಏನ್ ಮಾಡ್ಲಿರಿ ಮೇಡಮ್?”

ಅಂದು ಉಜ್ವಲಾ ಬಸ್ಸಿನಲ್ಲಿ ಬೀದರಿನ ತನಕ ಒಬ್ಬಳೇ ನಗುತ್ತ ಬಂದಳು.

ಕಂಪನಿಗಳು ಮಾತ್ರ ನಗಲಿಲ್ಲ. ಇಬ್ಬರೂ ಮೂರು ಕಡೆ ಆಟ ತೋರಿಸಿದರು. ಒಬ್ಬರು, ಇದರಲ್ಲಿ ಗೆಲ್ಲುವುದು ಹೇಗೆ ಎಂದು ಕೇಳಿದರು. ಇನ್ನೊಬ್ಬರು, ಜನ ಇದರಲ್ಲಿ ಏನನ್ನು ಕೊಂಡುಕೊಳ್ಳುತ್ತಾರೆ ಎಂದು ಕೇಳಿದರು. ಮೂರನೆಯವರು ಬಹಳ ಚೆನ್ನಾಗಿದೆ ಎಂದು ಹೊಗಳಿ ಮತ್ತೆ ಫೋನ್ ಎತ್ತಲೇ ಇಲ್ಲ.

ಆಗ ಪ್ರಥಮೇಶ ಕ್ರೌಡ್‌ಫಂಡಿಂಗ್ ಮಾತು ತೆಗೆದ. ಇಂಟರ್ನೆಟ್ಟಿನಲ್ಲಿ ಚಂದಾ ಎತ್ತುವುದು. ಆಡುವವರೇ ಮೊದಲು ಹಣ ಹಾಕಿದರೆ ಕಂಪನಿಯವರ ಕಾಲು ಹಿಡಿಯಬೇಕಾಗಿಲ್ಲ. ಕಂಪನಿಗೆ ಹೊಸದೆಂದರೆ ಹೆದರಿಕೆ, ಜನರಿಗೆ ಹಾಗಿಲ್ಲ ಎಂಬುದು ಅವನ ವಾದ. ಉಜ್ವಲಾಳಿಗೆ ಈ ಮಾತು ಮನಸ್ಸಿಗೆ ಹತ್ತಿತು. ಜಯಂತಿಯ ಮೆರವಣಿಗೆಗೆ ಓಣಿಯಲ್ಲಿ ಮನೆಮನೆ ತಿರುಗಿ ಚಂದಾ ಎತ್ತಿದ ಮನೆಯ ಮಗಳು ಅವಳು. ಹತ್ತು ಕೈ ಕೂಡಿ ಆದ ಕೆಲಸದ ರುಚಿ ಗೊತ್ತಿತ್ತು. ವಿಡಿಯೋದಲ್ಲಿ ತಾನೇ ಕಾಣಿಸಿಕೊಂಡು ಕನ್ನಡದಲ್ಲಿ, ಹಿಂದಿಯಲ್ಲಿ ಮಾತಾಡಿದಳು. ಇದು ಕಂಪನಿಯ ಆಟವಲ್ಲ, ನಿಮ್ಮ ಆಟ, ಇಲ್ಲಿ ನಿಮ್ಮ ಮಾತೇ ನಡೆಯುತ್ತದೆ ಎಂದಳು.

ಯಾರು ಎಷ್ಟು ಕೊಟ್ಟರೆ ಏನು ಸಿಗುತ್ತದೆ ಎಂಬ ಪಟ್ಟಿಯನ್ನು ಪ್ರಥಮೇಶ ಬರೆದ. ಐನೂರು ಕೊಟ್ಟವರಿಗೆ ಆಟ. ಹತ್ತು ಸಾವಿರ ಕೊಟ್ಟವರಿಗೆ ಆಟದ ಜೊತೆಗೆ ಒಂದು ಬಾವಿಯ ಕಲ್ಲಿನ ಮೇಲೆ ಹೆಸರು. ಉಜ್ವಲಾ ಓದಿ ನೋಡಿದಳು. ಹೆಸರೇ ತಾನೇ, ಗುಡಿಯ ಮೆಟ್ಟಿಲ ಮೇಲೂ ಕೆತ್ತಿಸುತ್ತಾರೆ ಎಂದುಕೊಂಡು ಸರಿ ಎಂದಳು. ಮುಂದೆ ಆ ಒಂದು ಸರಿಯನ್ನು ಎಷ್ಟು ಸಲ ನೆನೆದು ಕೈ ಹಿಸುಕಿಕೊಂಡಳೋ.

ನಲವತ್ತು ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಹಣ ಹಾಕಿದರು. ಬೇಕೆಂದಷ್ಟು ಕೂಡಿತು. ಕಲ್ಲಿನ ಮೇಲೆ ಹೆಸರು ಬೇಕೆಂದವರು ನೂರಾ ನಲವತ್ತು. ಅವರಲ್ಲಿ ಮೊದಲನೆಯವನು ಉಜ್ವಲಾಳ ಅಣ್ಣ ಅಶ್ವಜಿತ. ಔರಾದಿನ ಒಂದು ಬ್ಯಾಂಕಿನಲ್ಲಿ ನೌಕರಿ, ಅಲ್ಲಿಯೇ ಮನೆ ಕಟ್ಟಿಕೊಂಡಿದ್ದ. ಮನೆಯಲ್ಲಿ ಎಲ್ಲರೂ ಅವನನ್ನು ದಾದಾ ಎನ್ನುತ್ತಿದ್ದರು. ತಂಗಿಯ ವಿಡಿಯೋವನ್ನು ಬ್ಯಾಂಕಿನಲ್ಲಿ ಬಂದವರಿಗೆಲ್ಲ ತೋರಿಸಿದ್ದನಂತೆ.

ಮೊದಲ ವರ್ಷ ಎಲ್ಲ ಸುಸೂತ್ರ. ಹಣ ಹಾಕಿದವರಿಗೆಂದು ಒಂದು ಗುಂಪು ಇತ್ತು. ಉಜ್ವಲಾ ವಾರಕ್ಕೊಮ್ಮೆ ಅಲ್ಲಿ ಕೆಲಸದ ಸುದ್ದಿ ಹಾಕುತ್ತಿದ್ದಳು. ಮೊದಮೊದಲು ಹೊಗಳಿಕೆ. ಆಮೇಲೆ ಸಲಹೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ ಒಬ್ಬರಿಗೆ ಒಂಟೆ ಬೇಕು, ಒಬ್ಬರಿಗೆ ಕೋಟೆ ಬೇಕು. ಕಳ್ಳರು ಬಂದು ಬಾವಿ ಲೂಟಿ ಮಾಡಲಿ, ಅವರನ್ನು ಹೊಡೆಯಲು ಬಂದೂಕು ಕೊಡಿ ಎಂದು ಬಹಳ ಜನ ಬರೆದರು. ಉಜ್ವಲಾ ಎಲ್ಲರಿಗೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಎರಡನೆಯ ವರ್ಷ ಕೆಲಸ ತಡವಾಯಿತು, ಸರ್ವರಿನ ಬಾಡಿಗೆ ಏರಿತು, ಗುಂಪಿನ ಮಾತು ಖಾರವಾಯಿತು. ಆ ಹೊತ್ತಿನಲ್ಲೇ ಕಲ್ಲಿನ ಹೆಸರಿನವರು ಒಂದು ಪ್ರಶ್ನೆ ಎತ್ತಿದರು. ಬಾವಿಯ ಮೇಲೆ ನಮ್ಮ ಹೆಸರಿದೆ, ಮರುದಿನ ಆ ಬಾವಿಯಲ್ಲಿ ಬೇರೆಯವನು ನಿಂತಿರುತ್ತಾನೆ. ಹೆಸರು ನಮ್ಮದಾದರೆ ಬಾವಿಯೂ ನಮ್ಮದಲ್ಲವೇ? ಪಾಳಿ ತೆಗೆಯಿರಿ. ಮೇಲಿನ ಬಾವಿಗಳು ಹೆಚ್ಚು ಕೊಟ್ಟವರಿಗೆ ಕಾಯಂ ಇರಲಿ. ಹಾಗೆ ಮಾಡಿದರೆ ಇನ್ನೂ ಹಣ ಹಾಕುತ್ತೇವೆ.

ಪಾಳಿ ತೆಗೆದರೆ ಆಟದಲ್ಲಿ ಉಳಿಯುವುದೇನು ಎಂದು ಉಜ್ವಲಾ ಉದ್ದಕ್ಕೆ ಬರೆದಳು. ನಾಲ್ಕು ಜನ ಹೌದೆಂದರು. ಪ್ರಥಮೇಶ ಮತಕ್ಕೆ ಹಾಕೋಣ ಎಂದ. ಅವನು ಕೆಟ್ಟವನಲ್ಲ. ಮೂರು ತಿಂಗಳಿಂದ ತಂದೆಯ ಕೈಯಿಂದ ಹಣ ತಂದು ಕೋಣೆಯ ಕರೆಂಟು ಬಿಲ್ಲು ಕಟ್ಟುತ್ತಿದ್ದ, ಬಳಲಿದ್ದ.

“ಮಂದಿ ಮಾತು ನಡೀತದಂತ ವಿಡಿಯೋದಾಗ ನೀನೇ ಹೇಳಿದ್ದಿ, ಉಜ್ವಲಾ,” ಎಂದ. “ಈಗ ಮಂದಿ ಮಾತಾಡ್ಲಾಕತ್ತಾರ.”

ಮತಕ್ಕೆ ಹಾಕಲು ಉಜ್ವಲಾ ಒಪ್ಪಿದಳು. ಒಳಗೊಳಗೆ ಒಂದು ಧೈರ್ಯವೂ ಇತ್ತು. ಕೊಟ್ಟದ್ದು ಐನೂರಿರಲಿ ಹತ್ತು ಸಾವಿರವಿರಲಿ, ಒಬ್ಬರಿಗೆ ಒಂದೇ ಮತ. ಕಲ್ಲಿನ ಹೆಸರಿನವರು ನೂರಾ ನಲವತ್ತು, ಉಳಿದವರು ಎರಡು ಸಾವಿರ. ಕೆಳಗೆ ನಿಲ್ಲುವವರು ಯಾರಾದರೂ ಪಾಳಿ ಬೇಡವೆನ್ನುತ್ತಾರೆಯೇ?

ಬೇಡವೆಂದರು. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಪಾಳಿ ತೆಗೆಯಲು ಒತ್ತಿದ್ದರು. ಐನೂರು ಕೊಟ್ಟವರೇ ಹೆಚ್ಚು. ಉಜ್ವಲಾ ಅವರ ಮಾತುಗಳನ್ನು ಒಂದೊಂದಾಗಿ ಓದಿದಳು. ಎಂದಾದರೂ ಮೇಲಿನ ಬಾವಿ ಕೊಳ್ಳಬಹುದಲ್ಲ ಎಂದು ಒಬ್ಬ ಬರೆದಿದ್ದ. ಅದರ ಕೆಳಗೆ ನೂರಾರು ಮೆಚ್ಚುಗೆ. ತಾನು ಕೆಳಗೇ ಉಳಿಯುವವನೆಂದು ಅವರಲ್ಲಿ ಒಬ್ಬನೂ ತಿಳಿದಿರಲಿಲ್ಲ. ಹೆಸರುಗಳ ಪಟ್ಟಿಯಲ್ಲಿ ಕಣ್ಣಾಡಿಸುತ್ತ ಹೋದವಳಿಗೆ ಅಶ್ವಜಿತನ ಹೆಸರು ಸಿಕ್ಕಿತು. ಅವನೂ ತೆಗೆಯಿರಿ ಎಂದಿದ್ದ.

ಆ ಭಾನುವಾರ ಮುಂಜಾನೆಯೇ ಔರಾದಿಗೆ ಹೋದಳು. ಅಣ್ಣನ ಹೆಂಡತಿ, ವೈನಿ, ಚುರುಮುರಿಯ ಸುಸಲಾ ಮಾಡಿ ಕೊಟ್ಟಳು, ಚಹಾ ಕೊಟ್ಟಳು, ಅತ್ತೆಯ ಮಂಡಿನೋವು ವಿಚಾರಿಸಿ ಒಳಗೆ ಹೋದಳು. ಅಶ್ವಜಿತ ಪಡಸಾಲೆಯ ಕುರ್ಚಿಯಲ್ಲಿ ಫೋನ್ ಹಿಡಿದು ಕುಳಿತಿದ್ದ. ತಂಗಿ ಯಾಕೆ ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು.

“ದಾದಾ, ಪಾಳಿ ತೆಗೀರಿ ಅಂತ ನೀ ಯಾಕ ಒತ್ತಿದಿ?”

ಅವನು ಮುಚ್ಚಿಡಲಿಲ್ಲ. “ಕಲ್ಲಿನ ಮ್ಯಾಲ ನನ್ನ ಹೆಸರದ. ನಾಳಿಗಿ ಯಾಕ ಕೆಳಗ ಇಳೀಲಿ?”

“ಅಜ್ಜಿ ಎಲ್ಲಿ ನಿಂತಿದ್ದಳು, ಮರ್ತಿಯೇನು?”

“ಮರ್ತಿಲ್ಲ. ಮರ್ತಿಲ್ಲಂತೇ ಒತ್ತೀನಿ.” ಅವನು ಫೋನನ್ನು ಮಗುಚಿ ತೊಡೆಯ ಮೇಲಿಟ್ಟ. ದನಿ ಏರಿಸಲಿಲ್ಲ. “ನಮ್ಮ ಮಂದಿ ಎಷ್ಟು ತಲಿಮಾರು ಕೆಳಗ ನಿಂತಾರ, ನಿನಗ ಗೊತ್ತದ. ಆಗ ಯಾರೂ ಪಾಳಿ ಅನ್ನಲಿಲ್ಲ. ನಾ ರೊಕ್ಕ ಕೊಟ್ಟು ಒಮ್ಮೆ ಮ್ಯಾಲ ನಿಂತೀನಿ, ಈಗ ಪಾಳಿ ನೆನಪಾತೇನು?”

ಉಜ್ವಲಾ ಚಹಾದ ಕಪ್ಪನ್ನು ಕೆಳಗಿಟ್ಟಳು. ಅವನ ಮಾತಿನಲ್ಲಿ ಅರ್ಧ ನಿಜವಿತ್ತು.

“ಕೆಳಗ ಮತ್ತ ಯಾರರ ನಿಂತಿರ್ತಾರಲ್ಲ, ದಾದಾ.”

“ನಿಲ್ಲಲಿ,” ಎಂದ ಅವನು. “ಆಟ ಅದ ಅದು.”

ಊಟಕ್ಕೆ ನಿಲ್ಲು ಎಂದು ವೈನಿ ಒತ್ತಾಯ ಮಾಡಿದಳು. ಉಜ್ವಲಾ ಕೆಲಸವಿದೆ ಎಂದು ಹೇಳಿ ಬಸ್ ನಿಲ್ದಾಣಕ್ಕೆ ನಡೆದಳು. ಅಶ್ವಜಿತ ಬಾಗಿಲ ತನಕ ಬಂದು, ಬಾವಿಯ ಕಲ್ಲಿನ ಅಕ್ಷರ ಸ್ವಲ್ಪ ದೊಡ್ಡದಾಗಲಿ ಎಂದು ಹೇಳಿದ. ಚೇಷ್ಟೆಗಲ್ಲ, ನಿಜವಾಗಿಯೇ ಹೇಳಿದ.

ಪಾಳಿಯನ್ನು ಕೊನೆಗೆ ತೆಗೆದವಳು ಉಜ್ವಲಾಳೇ. ಆ ಭಾಗವನ್ನು ಬರೆದವಳು ಅವಳು, ಬೇರೆಯವರಿಗೆ ಅದರ ಎಳೆ ಸಿಗುವಂತಿರಲಿಲ್ಲ. ಬಿಟ್ಟು ಹೋಗಬಹುದಿತ್ತು. ಆದರೆ ಎರಡು ಸಾವಿರ ಜನರ ಹಣ ತೆಗೆದುಕೊಂಡು ಎದ್ದು ಹೋದಳು ಎಂದು ಅನ್ನಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಎರಡು ವರ್ಷ ಯೋಚಿಸಿ ಕಟ್ಟಿದ್ದನ್ನು ಮೂರು ದಿನದಲ್ಲಿ ಕಿತ್ತಳು. ಕಿತ್ತ ಮೇಲೆ ಆಟ ಎಲ್ಲೂ ತೊಡಕದೆ ಓಡಿತು. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೆ.

ಆಟ ಬಿಡುಗಡೆಯಾಯಿತು. ಮೊದಲ ತಿಂಗಳು ಜಾತ್ರೆ. ಮೇಲಿನ ಬಾವಿಗಳೆಲ್ಲ ಖರ್ಚಾದವು. ಪ್ರಥಮೇಶ ಅಪ್ಪನ ಹಣ ತಿರುಗಿ ಕೊಟ್ಟ. ಮೇಲಿನವರ ತೋಟ ಹಸಿರಾಯಿತು. ಹೂಳೆತ್ತುವ ಗರಜು ಅವರಿಗಿರಲಿಲ್ಲ, ಯಾಕೆಂದರೆ ನಾಳೆಯೂ ಅವರು ಮೇಲೆಯೇ. ಕೆಳಗಿನ ಬಾವಿಗಳಿಗೆ ಮೊದಲು ರಾಡಿ ಬಂತು, ಆಮೇಲೆ ಅದೂ ಬರಲಿಲ್ಲ. ಐನೂರಿನವರು ನಾಲ್ಕು ದಿನ ಬೈದರು, ಐದನೆಯ ದಿನ ಆಟವನ್ನು ಫೋನಿನಿಂದ ತೆಗೆದರು. ಅಮೀರ ಪಾಶಾ ಒಂದು ವಾರ ಕೂಡ ನಿಲ್ಲಲಿಲ್ಲ. ಇದರಾಗ ಏನದರಿ ಮೇಡಮ್, ಇದು ಹೊರಗೂ ಹಿಂಗೇ ಅದ, ಎಂದು ಹೇಳಿ ಔಷಧಿ ಪಟ್ಟಿಯತ್ತ ತಿರುಗಿದ. ಕೆಳಗೆ ನಿಂತು ನೋಡಿ ಬೆರಗಾಗುವವರು ಇಲ್ಲವಾದ ಮೇಲೆ ಮೇಲಿನವರಿಗೂ ಬೇಸರ ಬಂತು. ಅವರೂ ಒಬ್ಬೊಬ್ಬರಾಗಿ ಎದ್ದರು. ಆಟಗಳ ಬಗ್ಗೆ ಬರೆಯುವವನೊಬ್ಬ, ಹೊಸದೇನೂ ಇಲ್ಲದ ಮತ್ತೊಂದು ಬೇಸಾಯದ ಆಟ ಎಂದು ಎರಡು ಸಾಲು ಬರೆದ. ಚಂದಾ ಹಾಕಿದವರೇ ಅದನ್ನು ಗುಂಪಿನಲ್ಲಿ ಹಂಚಿ, ನಾವು ಮೋಸ ಹೋದೆವು ಎಂದರು.

ಆರನೆಯ ತಿಂಗಳು ಸರ್ವರ್ ನಿಲ್ಲಿಸುವುದೆಂದು ತೀರ್ಮಾನವಾಯಿತು. ದಿನ ಗೊತ್ತು ಮಾಡಿ ಎಲ್ಲರಿಗೂ ತಿಳಿಸಿದರು. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಭಾಲ್ಕಿಯ ಕೋಣೆಯಲ್ಲಿದ್ದರು. ಪ್ರಥಮೇಶ ಕೇಬಲ್‌ಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ. ಉಜ್ವಲಾ ಪರದೆಯ ಮುಂದೆ ಕುಳಿತು, ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಒಬ್ಬನಿದ್ದ. ಒಂದು ಸುರಂಗದ ತುತ್ತತುದಿಯ ಬಾವಿಯಲ್ಲಿ ಅಶ್ವಜಿತ ನಿಂತಿದ್ದ. ಕೆಳಗಿನ ಹತ್ತೊಂಬತ್ತೂ ಖಾಲಿ. ಆಟದೊಳಗೆ ಮಾತಾಡುವ ಜಾಗದಲ್ಲಿ ಅವನು ಬರೆದ ಒಂದು ಸಾಲು ಕಾಣುತ್ತಿತ್ತು: ಕೆಳಗ ಯಾರರ ಅದೀರೇನು?

ಉಜ್ವಲಾ ಕೆಳಗಿನ ಒಂದು ಬಾವಿಗೆ ಇಳಿದು, ಅದೀನಿ ದಾದಾ, ಎಂದು ಬರೆಯಬಹುದಿತ್ತು. ಬೆರಳು ಕೀಲಿಗಳ ಮೇಲೆ ಹೋಯಿತು ಕೂಡ. ಔರಾದಿನ ಪಡಸಾಲೆಯಲ್ಲಿ ಅವನು ನಿಲ್ಲಲಿ ಎಂದದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ಬರೆಯಲಿಲ್ಲ. ಯಾರಾದರೂ ಇದ್ದಾರೇನು ಎಂದು ಪ್ರಥಮೇಶ ಹಿಂದಿನಿಂದ ಕೇಳಿದ. ಯಾರೂ ಇಲ್ಲ ಎಂದು ಹೇಳಿ ಸರ್ವರ್ ನಿಲ್ಲಿಸಿದಳು.

ಮುಂದಿನ ತಿಂಗಳು ಅವಳು ಮತ್ತೆ ಹೈದರಾಬಾದಿನ ಕಂಪನಿಯ ಕೆಲಸ ಹಿಡಿದಳು. ಹಬ್ಬಕ್ಕೆ ಅಶ್ವಜಿತ ಮೈಲೂರಿಗೆ ಬಂದಾಗ ಅಣ್ಣ ತಂಗಿ ತಾಯಿಯ ಮಂಡಿನೋವಿನ ಬಗ್ಗೆ ಮಾತಾಡಿದರು, ಔರಾದಿನ ರಸ್ತೆಯ ಬಗ್ಗೆ ಮಾತಾಡಿದರು. ಆಟದ ಹೆಸರನ್ನು ಇಬ್ಬರೂ ಎತ್ತಲಿಲ್ಲ.